ಮನೆಯ ರೈಲು ಲೇಔಟಿಗೆ ಯಾವ ಕಾರು ಹೊಂದುತ್ತವೆ? ಅನುಭವ ಇದ್ದವರು ಹೇಳಿ

ನವನಗರ, ಹುಬ್ಬಳ್ಳಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನಾನೂ ನನ್ನ ಮಗನೂ ಸೇರಿ ಮಹಡಿ ಕೋಣೆಯಲ್ಲಿ ಎಚ್‌ಒ ಅಳತೆಯ ಮಾಡೆಲ್ ರೈಲು ಲೇಔಟ್ ಕಟ್ಟುತ್ತಿದ್ದೇವೆ. ಆರು ಅಡಿ ಉದ್ದ, ಮೂರು ಅಡಿ ಅಗಲದ ಪ್ಲೈವುಡ್. ಒಂದು ಸ್ಟೇಷನ್, ಒಂದು ರೈಲ್ವೆ ಗೇಟು, ಗೇಟಿನ ಆಚೆ ಸಣ್ಣ ಪೇಟೆ ಬೀದಿ. ಈಗ ಬೀದಿಗೆ ಗಾಡಿಗಳು ಬೇಕು. ಮಗನ ಹತ್ತಿರ ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್ ಎಲ್ಲ ಸೇರಿ ನಲವತ್ತು ಇವೆ. ಆದರೆ ಬೀದಿಯಲ್ಲಿ ಇಟ್ಟರೆ ನಮ್ಮ ಸ್ಟೇಷನ್ ಮಾಸ್ತರ್ ಗೊಂಬೆ ಜೀಪಿನ ಟಾಪಿಗಿಂತ ಗಿಡ್ಡ ಕಾಣುತ್ತದೆ. ಯಾವ ಅಳತೆಯ ಕಾರು ಕೊಳ್ಳಬೇಕು? ನಮ್ಮ ಊರಿನ ಗಾಡಿಗಳು ಆ ಅಳತೆಯಲ್ಲಿ ಸಿಗುತ್ತವಾ? ಧೂಳಿಗೆ ಏನು ಮಾಡುತ್ತೀರಿ? ಉಳಿದ ಕಾರುಗಳನ್ನು ಹೇಗೆ ಇಡುತ್ತೀರಿ?

ಕೇಶ್ವಾಪುರದಿಂದ

ಸರ್, ಹದಿನೈದು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಎಚ್‌ಒ ಅಂದರೆ 1:87, ನಿಜವಾದದ್ದರ 87ರಲ್ಲಿ ಒಂದು ಪಾಲು. ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದ. ಎಚ್‌ಒದಲ್ಲಿ ಅದು 5 ಸೆಂಟಿಮೀಟರ್ ಆಗುತ್ತದೆ, ಅಷ್ಟೇ. ಹಾಟ್ ವೀಲ್ಸ್‌ನ ಅಳತೆ ಹೆಚ್ಚು ಕಡಿಮೆ 1:64. ಆ ಲೆಕ್ಕದಲ್ಲಿ ಅದೇ ಕಾರು 6.7 ಸೆಂಟಿಮೀಟರ್. ಒಂದೂಮುಕ್ಕಾಲು ಸೆಂಟಿಮೀಟರ್ ತಾನೇ ಅನ್ನಿಸುತ್ತದೆ. ಆದರೆ ಉದ್ದದ ಜೊತೆ ಅಗಲ, ಎತ್ತರವೂ ಹೆಚ್ಚುತ್ತವೆ ನೋಡಿ. ಒಟ್ಟು ಗಾತ್ರ ಎರಡೂವರೆ ಪಟ್ಟು ಆಗಿಬಿಡುತ್ತದೆ. ಕಣ್ಣಿಗೆ ಚುಚ್ಚುವುದು ಅದೇ.

ಹಾಗಂತ ಮಗನ ನಲವತ್ತನ್ನೂ ಬದಿಗಿಡಬೇಡಿ. ಈ ಸಣ್ಣ ಡೈಕಾಸ್ಟ್, ಅಂದರೆ ಲೋಹ ಎರಕದ, ಗಾಡಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಗಾತ್ರದ ಪ್ಯಾಕೆಟ್ಟಿನಲ್ಲಿ ಕೂರಬೇಕು. ಹಾಗಾಗಿ ಕಾರು, ಲಾರಿ, ಬಸ್ಸು ಎಲ್ಲವೂ ಏಳು ಎಂಟು ಸೆಂಟಿಮೀಟರ್ ಒಳಗೇ ಇರುತ್ತವೆ. ಅಂದರೆ ಲಾರಿ ಜಾಸ್ತಿ ಕುಗ್ಗಿರುತ್ತದೆ. 7 ಮೀಟರ್ ಉದ್ದದ ಲಾರಿ ಮಾಡೆಲ್ಲಿನಲ್ಲಿ 8 ಸೆಂಟಿಮೀಟರ್ ಇದ್ದರೆ ಅದು ಸರಿಯಾಗಿ ಎಚ್‌ಒ! 11 ಮೀಟರ್ ಬಸ್ಸು ಏಳೂವರೆ ಸೆಂಟಿಮೀಟರ್ ಇದ್ದರೆ ಅದು ಎಚ್‌ಒಗಿಂತ ಸಣ್ಣದಾದ ಎನ್ ಸ್ಕೇಲಿನ ಹತ್ತಿರ ಹೋಯಿತು. ಡಬ್ಬಿಯ ಮೇಲಿನ ಅಂಕಿ ನಂಬಬೇಡಿ. ಟೇಪು ಹಿಡಿದು ಅಳೆಯಿರಿ. ನಿಜವಾದ ಗಾಡಿಯ ಉದ್ದವನ್ನು ಮಾಡೆಲ್ಲಿನ ಉದ್ದದಿಂದ ಭಾಗಿಸಿದರೆ ಸ್ಕೇಲ್ ಸಿಗುತ್ತದೆ. ಆಮೇಲೆ ಪಕ್ಕದಲ್ಲಿ ಒಂದು ಗೊಂಬೆ ನಿಲ್ಲಿಸಿ. ಎಚ್‌ಒ ಗೊಂಬೆ 2 ಸೆಂಟಿಮೀಟರ್ ಎತ್ತರ. ಆ ಬಾಗಿಲಿನಿಂದ ಅದು ಒಳಗೆ ಹತ್ತಬಹುದು ಅನ್ನಿಸಿದರೆ ಆ ಗಾಡಿ ನಿಮ್ಮ ಬೀದಿಗೆ ಸರಿ. ಉದ್ದ ಸರಿ ಇದ್ದೂ ಬಾಗಿಲು, ಚಕ್ರ ದೊಡ್ಡದಿರುವ ಲಾರಿಗಳು ಇವೆ, ಅವು ಬೇಡ.

ಕೊಳ್ಳುವುದಾದರೆ 1:87ರಲ್ಲಿ ವೈಕಿಂಗ್, ಹೆರ್ಪಾ, ಬುಶ್, ಬ್ರೆಕಿನಾ ಇವೆ. ಎಲ್ಲ ಜರ್ಮನಿಯವು, ಹೆಚ್ಚಿನವು ಪ್ಲಾಸ್ಟಿಕ್ಕು, ಕೆಲಸ ಬಹಳ ನಾಜೂಕು. ಒಂದು ವಿಷಯ ಗಮನಿಸಿ, ಅವುಗಳ ಸ್ಟೇರಿಂಗ್ ಎಡಕ್ಕೆ ಇರುತ್ತದೆ. ಬಲಕ್ಕೆ ಬೇಕು ಅಂದರೆ ಆಕ್ಸ್‌ಫರ್ಡ್ ಡೈಕಾಸ್ಟ್‌ನ 1:76 ಗಾಡಿಗಳನ್ನು ನೋಡಿ. ಬ್ರಿಟನ್ನಿನ ಒಒ ರೈಲುಗಳ ಅಳತೆ ಅದು. ಎಚ್‌ಒ ಹಳಿಯ ಮೇಲೇ, ಅಂದರೆ 16.5 ಮಿಲಿಮೀಟರ್ ಅಂತರದ ಹಳಿಯ ಮೇಲೇ, ಆ ರೈಲುಗಳೂ ಓಡುತ್ತವೆ. 1:76 ಸ್ವಲ್ಪ ದೊಡ್ಡದು, ಆದರೂ ನಡೆಯುತ್ತದೆ. 1:87ರ ಪಕ್ಕದಲ್ಲಿ ಮಾತ್ರ ನಿಲ್ಲಿಸಬೇಡಿ. ನೋಡುವವರ ಹತ್ತಿರದ ಅಂಚಿನಲ್ಲಿ 1:76, ನಡುವೆ 1:87, ಗೋಡೆಯ ಕಡೆ ಮಗನ ಆ ಕುಗ್ಗಿದ ಬಸ್ಸು. ಹೀಗೆ ಇಟ್ಟರೆ ಮೂರು ಅಡಿ ಅಗಲದ ಲೇಔಟು ಐದು ಅಡಿ ಇದ್ದ ಹಾಗೆ ಕಾಣುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ, ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಡಿಂಕಿ ಕಾರುಗಳು ಗೊತ್ತಲ್ವಾ? ಫ್ರಾಂಕ್ ಹಾರ್ನ್‌ಬಿಯವರ ಮೆಕ್ಯಾನೋ ಕಂಪನಿ 1933ರಲ್ಲಿ ಅವನ್ನು ಮೊದಲು ತಂದದ್ದು ಹಾರ್ನ್‌ಬಿ ರೈಲಿನ ಪಕ್ಕ ಇಡಲಿಕ್ಕೆ. ಡಿಂಕಿ ಅನ್ನುವ ಹೆಸರು ಬಂದದ್ದು ಆಮೇಲೆ. ಇವತ್ತು ಶೋಕೇಸಿಗೆ ಕೊಳ್ಳುವ 1:43 ಕಾರಿನ ಅಳತೆಯೂ ಆ ಹಾರ್ನ್‌ಬಿ ರೈಲಿನದೇ, ಅಂದರೆ ಎಚ್‌ಒದ ಎರಡರಷ್ಟು ದೊಡ್ಡದಾದ ಓ ಗೇಜಿನದೇ. ನೀವೂ ಮಗನೂ ಈಗ ಮಾಡುತ್ತಿರುವ ಕೆಲಸಕ್ಕೇ ಈ ಕಾರುಗಳು ಹುಟ್ಟಿದ್ದು.

ಗದಗದಿಂದ

ನಮಸ್ಕಾರ ರೀ. ಗಾಡಿಗಳ ಇಸವಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮೊದಲು ನಿಮ್ಮ ಸ್ಟೇಷನ್ ಯಾವ ಇಸವಿಯದು ಅಂತ ತೀರ್ಮಾನ ಮಾಡಿ. ನಮ್ಮದು 1990ರ ಬೀದಿ. ಅಂಬಾಸಿಡರ್, ಪದ್ಮಿನಿ, 1983ರ ಕೊನೆಗೆ ಬಂದ ಮಾರುತಿ 800, ಮೂರೂ ಒಟ್ಟಿಗೆ ಓಡುತ್ತಿದ್ದ ಕಾಲ. ಆ ಬೀದಿಯಲ್ಲಿ ಇವತ್ತಿನ ದೊಡ್ಡ ಎಸ್‌ಯುವಿ ಒಂದೇ ಒಂದು ಇಟ್ಟರೂ ಬೀದಿ ಸುಳ್ಳಾಗುತ್ತದೆ.

ನಮ್ಮ ಗಾಡಿಗಳನ್ನು ಹುಡುಕುವಾಗ ಅವುಗಳ ತಾಯಿಬೇರಿನ ಹೆಸರು ಹಾಕಿ ಹುಡುಕಿ. ಅಂಬಾಸಿಡರ್‌ಗೆ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪದ್ಮಿನಿಗೆ ಫಿಯಟ್ 1100. ಮಹೀಂದ್ರ ಜೀಪಿಗೆ ವಿಲ್ಲಿಸ್, ಅದಂತೂ ಎಲ್ಲ ಅಳತೆಯಲ್ಲೂ ಇದೆ. ಟಾಟಾ 1954ರಲ್ಲಿ ಮರ್ಸಿಡಿಸ್ ಜೊತೆ ಸೇರಿ ಲಾರಿ ಶುರು ಮಾಡಿತು. ಹಾಗಾಗಿ ಆ ಕಾಲದ ಉದ್ದ ಮೂತಿಯ ಮರ್ಸಿಡಿಸ್ ಲಾರಿಗೆ ಹಳದಿ, ಕೆಂಪು ಬಣ್ಣ ಬಳಿದು, ಹಿಂದೆ ಕನ್ನಡದಲ್ಲಿ ಎರಡು ಅಕ್ಷರ ಬರೆದರೆ ಎಪಿಎಂಸಿಗೆ ಮೆಣಸಿನಕಾಯಿ ತಂದ ಲಾರಿ ಆಗುತ್ತದೆ. ಹಳೆ ಮೂರು ಗಾಲಿ ಟೆಂಪೊ ಕೂಡ ಜರ್ಮನಿಯದೇ, ಹನ್ಸೆಯಾಟ್ ಅಂತ ಅದರ ಹೆಸರು. ನಾವು ಟೆಂಪೊ ಅನ್ನುವ ಮಾತು ಅದನ್ನು ಮಾಡಿದ ಜರ್ಮನ್ ಕಂಪನಿಯ ಹೆಸರಿನಿಂದಲೇ ಬಂತು.

ಆಟೊ ಕೊಳ್ಳಬೇಡಿ, ಮಾಡಿ. ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಗದಗಕ್ಕೆ ಮುದ್ರಣ ಕಾಶಿ ಅನ್ನುತ್ತಾರಲ್ಲ, ನಮ್ಮಲ್ಲಿ ಕಾಗದಕ್ಕೆ ಕೊರತೆ ಇಲ್ಲ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಅನ್ನುವ ದಪ್ಪ ಕಾಗದದ, ಕತ್ತರಿಸಿ ಉಳಿದ ತುಂಡುಗಳಿಂದ ಆಟೊ ಮಡಚುತ್ತೇನೆ. 3 ಸೆಂಟಿಮೀಟರ್ ಉದ್ದ, ಒಂದೂವರೆ ಅಗಲ, 2 ಎತ್ತರ. ಗಾಲಿಗೆ ಪಂಚಿಂಗ್ ಮಷಿನ್ನಿನಿಂದ ಬಿದ್ದ ಚೂರುಗಳನ್ನು ನಾಲ್ಕು ನಾಲ್ಕು ಅಂಟಿಸಿ ಕಪ್ಪು ಬಣ್ಣ. ಸ್ವಲ್ಪ ಉದ್ದ ಮಾಡಿ ಹಿಂದೆ ಆರು ಜನರನ್ನು ಕೂರಿಸಿದರೆ ಟಂಟಂ. ರೈಲ್ವೆ ಗೇಟು ಬಿದ್ದಾಗ ಮುಂದೆ ಒಂದು ಟಂಟಂ ನಿಂತಿರದಿದ್ದರೆ ಅದು ನಮ್ಮ ಊರು ಹೇಗಾಗುತ್ತದೆ ಹೇಳಿ?

ಧಾರವಾಡದಿಂದ

ನಾನು ಧೂಳಿನ ಬಗ್ಗೆ ಬರೆಯುತ್ತೇನೆ ಅಣ್ಣಾ. ನಮ್ಮ ಯಜಮಾನರು ರೈಲು ನೋಡಿಕೊಳ್ಳುತ್ತಾರೆ, ಕಾರುಗಳ ಜವಾಬ್ದಾರಿ ನನ್ನದು. ಹಾಸಿಗೆಯ ತೆಳು ಹತ್ತಿ ಬಟ್ಟೆ ಹೊದಿಸಬೇಡಿ, ಎಳೆ ಸಿಕ್ಕಿ ಕನ್ನಡಿಗಳು ಮುರಿಯುತ್ತವೆ. ನಾನು ಹಗುರವಾದ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಮೇಲೆ ಇಡುತ್ತೇನೆ. ವಾರಕ್ಕೊಮ್ಮೆ ಮೇಕಪ್ ಬ್ರಷ್ಷಿನಿಂದ ಒರೆಸುತ್ತೇನೆ. ಒದ್ದೆ ಬಟ್ಟೆ ಬೇಡ.

ಇಲ್ಲಿ ಜೂನ್ ಬಂತೆಂದರೆ ಮೂರು ತಿಂಗಳು ಮಳೆ, ಥಂಡಿ. ಕಾಗದದ ಡಬ್ಬಿಗಳಿಗೆ ಬೂಷ್ಟು ಹಿಡಿಯುತ್ತದೆ. ಶೋಕೇಸಿನ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಬದಲಿಸಿ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ನಮ್ಮ ಮನೆಯಲ್ಲಿ ಒಂದು ಕೆಂಪು ಬಸ್ಸು ಎರಡು ಬೇಸಿಗೆಯಲ್ಲಿ ಒಂದು ಬದಿ ಗುಲಾಬಿ ಆಗಿಹೋಯಿತು.

ಮೆತ್ತನೆ ಟೈರು ಇರುವ ಕಾರನ್ನು ಪ್ಲಾಸ್ಟಿಕ್ ಮೇಲೆ ವರ್ಷಗಟ್ಟಲೆ ನಿಲ್ಲಿಸಬೇಡಿ. ಟೈರಿನಲ್ಲಿರುವ ಎಣ್ಣೆಯಂಥ ಪದಾರ್ಥ ಕೆಳಗಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹೊಟ್ಟೆಯ ಕೆಳಗೆ ಒಂದು ರಟ್ಟಿನ ತುಂಡು ಕೊಟ್ಟು ಗಾಲಿ ಕೂದಲೆಳೆಯಷ್ಟು ಮೇಲೆ ಇರುವಂತೆ ಮಾಡಿ. ಇನ್ನು ಬೀದಿಗೆ ಅಂಟಿಸಲು ದಯವಿಟ್ಟು ಸೂಪರ್ ಗ್ಲೂ ಮುಟ್ಟಬೇಡಿ. ಅದರ ಹೊಗೆಗೆ ಕಾರಿನ ಗಾಜು ಬೆಳ್ಳಗೆ ಮಂಜು ಹಿಡಿದು ಕೂರುತ್ತದೆ, ಮತ್ತೆ ಹೋಗುವುದು ಬಹಳ ಕಷ್ಟ. ನಾನು ಹೀಗೆ ಒಂದು ನೀಲಿ ಫಿಯಟ್ ಕಳೆದುಕೊಂಡೆ. ಈಗಲೂ ಅದನ್ನು ನೋಡಿದರೆ ಬೇಜಾರಾಗುತ್ತದೆ. ಫೆವಿಕಾಲ್ ಒಂದು ಚುಕ್ಕೆ ಸಾಕು, ಬೇಡವಾದಾಗ ಕಿತ್ತು ತೆಗೆಯಬಹುದು.

ನವನಗರದಿಂದ

ಎಷ್ಟು ಧನ್ಯವಾದ ಹೇಳಲಿ! ಇವತ್ತು ನಾನೂ ಮಗನೂ ಟೇಪು ಹಿಡಿದು ನಲವತ್ತೂ ಅಳೆದೆವು. ಒಂದು ಬುಲ್ಡೋಜರ್, ಒಂದು ಕಸದ ಲಾರಿ, ಒಂದು ಹಾಲಿನ ಟ್ಯಾಂಕರ್ ಉಳಿದವು. ಬಸ್ಸು ಗೋಡೆ ಕಡೆ ಹೋಯಿತು. ಎರಡು ಸಂದೇಹ. ಬೀದಿಗೆ ನಮ್ಮ ಹೊಲದ ಎರೆ ಮಣ್ಣು ಉದುರಿಸಬಹುದಾ? ಗೇಟಿನಲ್ಲಿ ಹಳಿ ದಾಟುತ್ತಿರುವ ಜೀಪು ಇಟ್ಟರೆ ಚೆಂದ ಅಲ್ವಾ?

ಕೇಶ್ವಾಪುರದಿಂದ

ಮಣ್ಣು ಹಾಕಿ ಸರ್, ಅದರ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಒಂದು ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನಲ್ಲಿ ಎರಡು ಮೂರು ಸಲ ಆಡಿಸಿ. ಕಬ್ಬಿಣದ ಕಣಗಳು ಅಂಟಿಕೊಂಡು ಬರುತ್ತವೆ. ಅವು ಉಳಿದರೆ ಎಂಜಿನ್ನಿನ ಮೋಟರಿನ ಒಳಗೆ ಸೇರಿಕೊಳ್ಳುತ್ತವೆ. ಅಂಟಿಸದೆ ಸುಮ್ನೆ ಉದುರಿಸಿ ಬಿಡಬೇಡಿ, ನೀರು ಬೆರೆಸಿದ ಫೆವಿಕಾಲ್ ಹನಿಸಿ.

ಜೀಪು ಹಳಿಯ ಮೇಲೆ ಬೇಡ. ಹಳಿಗಳಲ್ಲಿ ಕರೆಂಟು ಇರುತ್ತದೆ. ಡೈಕಾಸ್ಟ್ ಗಾಡಿಯ ಲೋಹದ ತಳ ಎರಡೂ ಹಳಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಗೇಟಿನ ಈಚೆ ನಿಲ್ಲಿಸಿ. ನಿಲ್ಲಿಸುವ ಮೊದಲು ನಿಮ್ಮ ಅತಿ ಉದ್ದದ ಬೋಗಿಯನ್ನು ಕೈಯಿಂದ ನಿಧಾನವಾಗಿ ತಿರುವಿನಲ್ಲಿ ತಳ್ಳಿ ನೋಡಿ. ಚೆನ್ನೈನ ಐಸಿಎಫ್ ಕಾರ್ಖಾನೆಯ ಹಳೆ ಬೋಗಿ ಎಚ್‌ಒದಲ್ಲಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ, ತಿರುವಿನಲ್ಲಿ ಅದರ ನಡುಭಾಗ ಒಳಕ್ಕೆ ಚಾಚುತ್ತದೆ, ತುದಿ ಹೊರಕ್ಕೆ. ನನ್ನ ಎರಡು ಕಾರು ಹಾಗೇ ನೆಲಕ್ಕೆ ಬಿದ್ದವು.

ಎಷ್ಟು ಗಾಡಿ ಇಡಬೇಕು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನು ಮೊದಲು ಮೂವತ್ತೆರಡು ಇಟ್ಟಿದ್ದೆ, ರೈಲೇ ಕಾಣುತ್ತಿರಲಿಲ್ಲ. ಈಗ ಏಳು ಇವೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮು ಎಚ್‌ಒದಲ್ಲಿ ಕಟ್ಟಿದರೆ 17 ಮೀಟರಿಗೂ ಜಾಸ್ತಿ. ಅಷ್ಟು ಜಾಗ ಯಾರ ಮನೆಯಲ್ಲಿದೆ? ಎಲ್ಲವನ್ನೂ ಮೊಟಕು ಮಾಡಿಯೇ ಕಟ್ಟುತ್ತೇವೆ, ಗಾಡಿಗಳನ್ನೂ ಹಾಗೇ. ಉಳಿದವನ್ನು ಗಾಜಿನ ಕಪಾಟಿನಲ್ಲಿ ಇಡಿ, ತಿಂಗಳಿಗೊಮ್ಮೆ ಬೀದಿಯ ಗಾಡಿ ಬದಲಿಸುವ ಕೆಲಸ ಮಗನಿಗೆ ಬಿಡಿ.

ನವನಗರದಿಂದ

ಮಗ ಈಗಲೇ ಪಟ್ಟಿ ಬರೆಯುತ್ತಿದ್ದಾನೆ. ಮೊದಲ ತಿಂಗಳು ಹಾಲಿನ ಟ್ಯಾಂಕರ್ ಅಂತೆ. ಗದಗದ ಅಣ್ಣಾ, ಆ ಟಂಟಂ ಮಡಚುವ ಅಳತೆಯ ಚಿತ್ರ ಒಂದು ಹಾಕುತ್ತೀರಾ?