ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಖರೀದಿ: ನೋಡಲು ಶುರು ಮಾಡುವ ಮೊದಲು ಏನು ತಯಾರಿ?

ವಿದ್ಯಾನಗರ ಟೀಚರ್:

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿ ವಿದ್ಯಾನಗರದಲ್ಲಿ ಬಾಡಿಗೆಗೆ ಇದ್ದೇವೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಯಜಮಾನರಿಗೆ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ಮನೆ ಮಾಲೀಕರ ಮಗ ಬೆಂಗಳೂರಿನಿಂದ ವಾಪಸ್ ಬರುತ್ತಾನಂತೆ, ಯುಗಾದಿ ಹೊತ್ತಿಗೆ ಮನೆ ಬಿಟ್ಟುಕೊಡಿ ಅಂದಿದ್ದಾರೆ. ಇನ್ನೊಂದು ಬಾಡಿಗೆ ಮನೆ ಹುಡುಕುವ ಬದಲು ಸ್ವಂತದ್ದೇ ಮಾಡಿಕೊಳ್ಳೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಕೈಯಲ್ಲಿ 15 ಲಕ್ಷ ಇದೆ. 50 ಲಕ್ಷದವರೆಗೆ ನೋಡಬಹುದು ಅಂದುಕೊಂಡಿದ್ದೇವೆ. ಅತ್ತೆಯವರು ಮಾಳಮಡ್ಡಿಯಲ್ಲಿ ಬೆಳೆದವರು, ಅವರಿಗೆ ಧಾರವಾಡವೇ ಆಗಬೇಕು. ಮೊಣಕಾಲು ನೋವು ಬೇರೆ, ಮೆಟ್ಟಿಲು ಹತ್ತೋದು ಆಗಲ್ಲ. ಏಜೆಂಟರು ಮಾತ್ರ ಫೋನಿನ ಮೇಲೆ ಫೋನು. "ಮೊದಲ ಬಂದು ನೋಡ್ರಿ ಮೇಡಂ, ಉಳಿದದ್ದು ಆಮೇಲೆ" ಅನ್ನುತ್ತಾರೆ.

ನನಗೆ ಆ "ಉಳಿದದ್ದು" ಮೊದಲು ಗೊತ್ತಾಗಬೇಕು. ಒಂದು ಮನೆ ಮನಸ್ಸಿಗೆ ಹಿಡಿಸಿಬಿಟ್ಟರೆ ಆಮೇಲೆ ಯಾರೂ ಲೆಕ್ಕ ಕೇಳುವುದಿಲ್ಲ, ಅಲ್ವಾ? ದಯವಿಟ್ಟು ತಿಳಿದವರು ಹೇಳಿ.

ಧಾರವಾಡದ ನಿವೃತ್ತ ಬ್ಯಾಂಕಿನವರು:

ಮೇಡಂ, ನೌಕರಿಯ ಕೊನೆಯ ವರ್ಷಗಳಲ್ಲಿ ನನ್ನ ಟೇಬಲ್ಲಿಗೆ ಬರುತ್ತಿದ್ದದ್ದು ಮನೆ ಸಾಲದ ಫೈಲುಗಳೇ. ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಮೊದಲು ದುಡ್ಡಿನ ಲೆಕ್ಕ ಮಾಡೋಣ.

50 ಲಕ್ಷದ ಮನೆ ಅಂತಿಟ್ಟುಕೊಳ್ಳಿ. 30 ಲಕ್ಷಕ್ಕಿಂತ ಮೇಲೆ, 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ 80% ದಾಟುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ 40 ಲಕ್ಷ ಸಾಲ, 10 ಲಕ್ಷ ನಿಮ್ಮದು. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ನೋಂದಣಿ ಖರ್ಚು ಇದರ ಮೇಲೆ ಬರುತ್ತದೆ. ಸ್ಟ್ಯಾಂಪ್ ಡ್ಯೂಟಿ 5%, ಅದಕ್ಕೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ ಕೊನೆಯಿಂದ 2% ಆಗಿದೆ. ಒಟ್ಟು 7.6%, ಅಂದರೆ 3 ಲಕ್ಷ 80 ಸಾವಿರ. ಇದನ್ನು ಮನೆ ಬೆಲೆಯಲ್ಲಿ ಸೇರಿಸಿ ಸಾಲ ಕೊಡುವುದಿಲ್ಲ. ನಿಮ್ಮ 15 ಲಕ್ಷದಲ್ಲಿ ಉಳಿಯುವುದು 1 ಲಕ್ಷ 20 ಸಾವಿರ. ವಕೀಲರ ಫೀ, ಏಜೆಂಟರ ಕಮಿಷನ್, ಸುಣ್ಣ-ಬಣ್ಣ, ವಾಸ್ತುಶಾಂತಿ ಎಲ್ಲ ಅದರಲ್ಲೇ ಆಗಬೇಕು. ಆಗುವುದಿಲ್ಲ.

45 ಲಕ್ಷಕ್ಕೆ ಇಳಿಸಿ ನೋಡಿ. ಸಾಲ 36, ನಿಮ್ಮದು 9, ನೋಂದಣಿಗೆ 3 ಲಕ್ಷ 42 ಸಾವಿರ. ಕೈಯಲ್ಲಿ ಎರಡೂವರೆ ಲಕ್ಷ ಉಳಿಯುತ್ತದೆ. 8.5% ಬಡ್ಡಿ ಹಿಡಿದರೆ 20 ವರ್ಷದ ಸಾಲಕ್ಕೆ ತಿಂಗಳಿಗೆ ಸುಮಾರು 31 ಸಾವಿರ ಕಂತು. ಆ 31 ಸಾವಿರದಲ್ಲಿ ಈಗಿನ ಬಾಡಿಗೆ ಕಳೆಯಿರಿ. ಉಳಿದದ್ದನ್ನು ಈ ತಿಂಗಳಿಂದಲೇ ಬೇರೆ ಖಾತೆಗೆ ಹಾಕುತ್ತಾ ಹೋಗಿ. ಸಂಸಾರಕ್ಕೆ ಎಷ್ಟು ಬಿಗಿಯಾಗುತ್ತದೆ ಅನ್ನೋದು ಯುಗಾದಿಗೆ ಮುಂಚೆ ತಿಳಿಯುತ್ತದೆ.

ಇನ್ನೊಂದು. ಕೆಲವರು "ಇಷ್ಟು ಚೆಕ್ಕಿನಲ್ಲಿ, ಇಷ್ಟು ಕ್ಯಾಶಿನಲ್ಲಿ" ಅನ್ನುತ್ತಾರೆ. ಬ್ಯಾಂಕಿಗೆ ಕಾಣುವುದು ಕಾಗದದಲ್ಲಿರುವ ಬೆಲೆ ಮಾತ್ರ, ಸಾಲವೂ ಅದರ ಮೇಲೆಯೇ. ಕ್ಯಾಶಿನ ಭಾಗ ಪೂರ್ತಿ ನಿಮ್ಮ ಕೈಯಿಂದ ಹೋಗುತ್ತದೆ, ನಾಳೆ ಜಗಳವಾದರೆ ಅದಕ್ಕೆ ಪುರಾವೆಯೂ ಇರುವುದಿಲ್ಲ. ಅಂಥ ಮನೆಗೆ ಹೋಗಲೇಬೇಡಿ.

ಈಗ ಕಾಗದ. ಸಿಟಿ ಸರ್ವೆ ಹದ್ದಿನಲ್ಲಿದ್ದರೆ ಸಿಟಿಎಸ್ ಉತಾರ (ಸಿಟಿ ಸರ್ವೆ ದಾಖಲೆಯ ನಕಲು), ಪಾಲಿಕೆಯ ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ), ಹಿಂದಿನ ಖರೀದಿ ಪತ್ರಗಳು, ಇಸಿ ಅಂದರೆ ಋಣಭಾರ ಪತ್ರ. ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಇಸಿಯನ್ನು ಏಜೆಂಟ್ ಕೊಟ್ಟ ಜೆರಾಕ್ಸಿನಲ್ಲಿ ನೋಡಬೇಡಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿ ತೆಗೆಸಿ. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಕೋರ್ಟಿನ ದಾವೆ, ಮನೆಯೊಳಗೇ ಬಾಯಿಮಾತಿನಲ್ಲಾದ ವಾಟ್ನಿ (ಆಸ್ತಿ ಪಾಲು) ಅದರಲ್ಲಿ ಬರುವುದಿಲ್ಲ.

ಅತ್ತೆಯವರ ಮಾಳಮಡ್ಡಿ ಆಸೆಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಹಳೇ ಮನೆಗಳಲ್ಲಿ ಬೋಜಾಕ್ಕಿಂತ (ಆಸ್ತಿಯ ಮೇಲಿನ ಸಾಲಕ್ಕಿಂತ) ವಾರಸುದಾರರ ಪ್ರಶ್ನೆ ದೊಡ್ಡದು. ಒಂದು ಫೈಲು ನನಗೆ ಇನ್ನೂ ನೆನಪಿದೆ. ಉತಾರದಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು, ಇಸಿ ಸ್ವಚ್ಛ. ವಂಶಾವಳಿ ತರಿಸಿದರೆ ನಾಲ್ಕನೆಯ ಹೆಸರು ಕಂಡಿತು, ಸಾಂಗ್ಲಿಗೆ ಕೊಟ್ಟ ತಂಗಿಯದು. "ಆಕೆಗೆ ಮದುವೆಯಲ್ಲೇ ಎಲ್ಲ ಕೊಟ್ಟೇವ್ರಿ" ಅಂದರು ಅಣ್ಣಂದಿರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆಕೆ ಬಂದು ಸಹಿ ಹಾಕುವ ತನಕ ಸಾಲ ಮುಂದೆ ಹೋಗಲಿಲ್ಲ. ಕೊಳ್ಳುವವರು ಆಗಲೇ ದೊಡ್ಡ ಮೊತ್ತದ ಸಂಚಕಾರ ಕೊಟ್ಟು ಕೂತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಹಾಗಾಗಿ ವಕೀಲರನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಏಜೆಂಟರು ತೋರಿಸಿದ ವಕೀಲರು ಬೇಡ.

ಕೇಶ್ವಾಪುರ ಗೃಹಿಣಿ:

ಅಕ್ಕಾ, ಸರ್ ಎಲ್ಲ ಹೇಳಿದ್ದಾರೆ, ನಾನು ನೀರಿನ ಬಗ್ಗೆ ಹೇಳುತ್ತೇನೆ. ನಮ್ಮ ಅವಳಿ ನಗರಕ್ಕೆ ನೀರು ಬರೋದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ, ಜೊತೆಗೆ ನೀರಸಾಗರ. ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನವಿಡೀ ನೀರು. ಅದೇ ಊರಲ್ಲಿ ಇನ್ನೊಂದು ಕಡೆ ನಳ ಬರೋದನ್ನೇ ದಿನಗಟ್ಟಲೆ ಕಾಯಬೇಕು. ಎರಡು ಓಣಿ ಆಚೆ ಹೋದರೆ ಸಾಕು, ಪರಿಸ್ಥಿತಿ ಬೇರೆ. ಮನೆ ಮಾರುವವರನ್ನು ಕೇಳಬೇಡಿ. ಪಕ್ಕದ ಮನೆಯ ಹೆಂಗಸರನ್ನು ಕೇಳಿ: ಕಡೆಗೆ ನಳ ಬಂದದ್ದು ಯಾವಾಗ, ರಾತ್ರಿ ಎಷ್ಟು ಹೊತ್ತಿಗೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೀರಾ ಅಂತ. ಅಂಗಳದಲ್ಲಿ ಪ್ಲಾಸ್ಟಿಕ್ ಬ್ಯಾರಲ್ಲುಗಳು ಸಾಲಾಗಿ ನಿಂತಿದ್ದರೆ ಕೇಳುವ ಅಗತ್ಯವೂ ಇಲ್ಲ. ಸಂಪಿನ ಮುಚ್ಚಳ ತೆಗೆಸಿ ಒಳಗೆ ನೋಡಿ. ನಾವು ಹೆಂಗಸರು ಇದನ್ನು ಬಿಡಬಾರದು, ನಡುರಾತ್ರಿ ಎದ್ದು ನೀರು ಹಿಡಿಯುವವರು ನಾವೇ.

ಸೈಟ್ ಇಂಜಿನಿಯರ್, ಹುಬ್ಬಳ್ಳಿ:

ಮಣ್ಣನ್ನೂ ಸೇರಿಸಿಕೊಳ್ಳಿ ಮೇಡಂ. ಧಾರವಾಡದ ಕಡೆ ಹೆಚ್ಚಾಗಿ ಕೆಂಪು ಮಣ್ಣು, ಗಟ್ಟಿ ನೆಲ. ಹುಬ್ಬಳ್ಳಿಯಿಂದ ಗದಗ ರಸ್ತೆ, ಕುಸುಗಲ್ ಕಡೆ ಹೋದರೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬುನಾದಿ ಸರಿಯಾಗಿ ಹಾಕದಿದ್ದರೆ ಮನೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ.

ಕಿಟಕಿಯ ಮೂಲೆಗಳನ್ನು ನೋಡಿ. ಅಲ್ಲಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು ಇದ್ದರೆ ಅದು ಬರೀ ಪ್ಲಾಸ್ಟರಿನದಲ್ಲ, ಬುನಾದಿಯದೂ ಆಗಿರಬಹುದು. ಕಾಂಪೌಂಡಿನ ಗೇಟು ಹಾಕಿ ನೋಡಿ, ಚಿಲಕ ತೂತಿಗೆ ಕೂರದೆ ಮೇಲೆ-ಕೆಳಗೆ ಆಗಿದ್ದರೆ ಕಂಬ ಅಲುಗಾಡಿರಬಹುದು. ಪಡಸಾಲೆಯಲ್ಲಿ ಒಂದು ಗೋಲಿ ಇಟ್ಟು ಬಿಡಿ, ನೆಲ ಎತ್ತ ಕುಸಿದಿದೆ ಅನ್ನೋದು ಗೊತ್ತಾಗುತ್ತದೆ. ಹೊಸದಾಗಿ ಬಣ್ಣ ಬಳಿದ ಹಳೇ ಮನೆಯನ್ನು ಇನ್ನೂ ಜಾಸ್ತಿ ಹೊತ್ತು ನೋಡಿ. ಎರಿ ಮಣ್ಣಿನ ಮೇಲೂ ಚೆನ್ನಾಗಿ ಕಟ್ಟಿದ ಮನೆಗಳಿವೆ. ಯಾವ ಬುನಾದಿ ಹಾಕಿದ್ದಾರೆ ಅಂತ ಕೇಳಿ, ಕಟ್ಟುವಾಗಿನ ಫೋಟೊ ಇದ್ದರೆ ಕೇಳಿ.

ವಿದ್ಯಾನಗರ ಟೀಚರ್:

ತುಂಬಾ ಧನ್ಯವಾದ. ರಾತ್ರಿ ಕೂತು 45 ಲಕ್ಷದ ಲೆಕ್ಕ ಬರೆದೆವು, ಯಜಮಾನರೂ ಒಪ್ಪಿದರು. ಅತ್ತೆಯವರಿಗೆ ತಂಗಿಯ ಸಹಿಯ ವಿಷಯ ಓದಿ ಹೇಳಿದೆ. "ನಮ್ಮ ಓಣ್ಯಾಗೂ ಹಿಂಗ ಆಗಿತ್ತ" ಅಂದರು.

ಈಗ ಇನ್ನೊಂದು ಮಾತು ಎದ್ದಿದೆ. ನಮ್ಮ ಮೈದುನ, ಮನೆಗಿಂತ ಊರ ಹೊರಗೆ ಗುಂಟಾ ಪ್ಲಾಟ್ ತಗೊಂಡು ಕಟ್ಟಿಸಿ, ಅರ್ಧ ದುಡ್ಡಿನಲ್ಲಿ ಆಗುತ್ತದೆ ಅನ್ನುತ್ತಾನೆ. ಇದು ಸರಿಯಾ ಸರ್?

ಧಾರವಾಡದ ನಿವೃತ್ತ ಬ್ಯಾಂಕಿನವರು:

ಬೇಡ ಮೇಡಂ. ಒಂದು ಗುಂಟೆ ಅಂದರೆ 1089 ಚದರ ಅಡಿ, ಅಳತೆಗೆ ಮನೆಗೆ ಸಾಕು. ತೊಂದರೆ ಅಳತೆಯದಲ್ಲ. ಹೊಲವನ್ನು ಎನ್‌ಎ ಮಾಡಿಸದೆ (ಅಂದರೆ ಕೃಷಿಯೇತರ ಬಳಕೆಗೆ ಬದಲಾಯಿಸದೆ), ಲೇಔಟ್ ಮಂಜೂರಿ ಇಲ್ಲದೆ ತುಂಡು ಮಾಡಿ ಮಾರಿರುತ್ತಾರೆ. ರಸ್ತೆ, ಗಟಾರ, ನಳ ಯಾವುದನ್ನೂ ಹಕ್ಕಿನಿಂದ ಕೇಳುವಂತಿಲ್ಲ. ಪಂಚಾಯ್ತಿ ಹದ್ದಿನಲ್ಲಿದ್ದರೆ ಪಂಚಾಯ್ತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ತೋರಿಸಲು ಹೇಳಿ. 11ಬಿ (ಅನಧಿಕೃತ ಆಸ್ತಿಯ ನಮೂನೆ) ಕೈಗಿಟ್ಟರೆ ಅಲ್ಲಿಗೇ ನಿಲ್ಲಿಸಿ. ಎನ್‌ಎ ಆದೇಶ, ಮಂಜೂರಾದ ಲೇಔಟ್ ನಕ್ಷೆ ಎರಡೂ ಇದ್ದರೆ ಮಾತ್ರ ಮುಂದಿನ ಮಾತು.

ಮೈದುನನಿಗೆ ನೀವು ಇಲ್ಲ ಅಂದರೆ ಬೇಜಾರಾಗಬಹುದು. ಆ ಪ್ಲಾಟಿನ ಕಾಗದ ಹಿಡಿದುಕೊಂಡು ಅವನನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಇದಕ್ಕೆ ಸಾಲ ಕೊಡುತ್ತೀರಾ ಅಂತ ಅವನ ಎದುರಿಗೇ ಕೇಳಿ.