ರೆಸಿನ್ ವ್ಯಾಗನ್‌ನ ರಿವೆಟ್‌ಗಳಲ್ಲಿ ಬರೀ ಗುಳ್ಳೆ

1:87 ಅಳತೆಯ ಮಾದರಿ ರೈಲಿನ ಗೂಡ್ಸ್ ವ್ಯಾಗನ್‌ಗೆ ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಪಕ್ಕ ಕೈಯಾರೆ ಮಾಡಿ, ಸಿಲಿಕೋನ್ ಅಚ್ಚು ತೆಗೆದು, ಪಾಲಿಯುರೆಥೇನ್ ರೆಸಿನ್ (ಆಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಸುರಿದೆ. ಮೂರು ಸಲವೂ ರಿವೆಟ್ (ತಗಡು ಜೋಡಿಸುವ ಮೊಳೆಯ ಉಬ್ಬಿದ ತಲೆ) ಇರುವ ಕಡೆ ಗುಳ್ಳೆ. ಅಚ್ಚು ಸರಿಯಿಲ್ವಾ?

ಉತ್ತರ 1: ಅಚ್ಚಿನ ತಪ್ಪಲ್ಲ. ರಿವೆಟ್ ಅಂದ್ರೆ ಅಚ್ಚಿನಲ್ಲಿ ಪುಟ್ಟ ಗುಳಿ, ಅಲ್ಲಿ ಗಾಳಿ ಕೂತುಬಿಡುತ್ತದೆ. ಟಾಲ್ಕಂ ಪುಡಿ ಸವರಿ, ಜಾಸ್ತಿಯಾದದ್ದನ್ನು ತಟ್ಟಿ ಉದುರಿಸಿ, ಮೊದಲು ತೆಳುವಾಗಿ ರೆಸಿನ್ ಹಚ್ಚಿ ಕಡ್ಡಿಯಿಂದ ಗುಳಿಗಳನ್ನೆಲ್ಲ ಚುಚ್ಚಿ, ಆಮೇಲೆ ಉಳಿದದ್ದು ಸುರಿಯಿರಿ. ಬೇಗ ಮಾಡಿ, ಅದು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ.

ಉತ್ತರ 2: ಡಬ್ಬಿ ತೆರೆದಿಟ್ಟಿದ್ರಾ? ತೇವ ಹಿಡಿದರೆ ರೆಸಿನ್ ನೊರೆ ಬರುತ್ತದೆ. ಪ್ರೆಶರ್ ಪಾಟ್ (ಗಾಳಿಯ ಒತ್ತಡದಲ್ಲಿ ಗುಳ್ಳೆ ಕುಗ್ಗಿಸುವ ಪಾತ್ರೆ) ಇದ್ದರೆ ಅರ್ಧ ತಲೆನೋವು ಕಡಿಮೆ.

ಕೇಳಿದವರು: ಮುಚ್ಚಳ ಸಡಿಲ ಇತ್ತು, ಹೌದು! ಆದರೆ ಗುಳ್ಳೆ ರಿವೆಟ್‌ಗಳಲ್ಲಿ ಮಾತ್ರ, ಹಾಗಾಗಿ ಮೊದಲು ಪುಡಿ ಹಾಕಿ ನೋಡ್ತೀನಿ.