ತಂಡದ ಸದಸ್ಯರ ಮಾನಸಿಕ ಸಂಕಟಕ್ಕೆ ಮೇಲ್ವಿಚಾರಕರು ಹೇಗೆ ಸ್ಪಂದಿಸಬೇಕು?

ಪ್ರಶ್ನೆ

ನಮಸ್ಕಾರ. ನಾನು ಒಂದು ಸಣ್ಣ ತಂಡದ ಮೇಲ್ವಿಚಾರಕ. ಬಹಳ ಚುರುಕಾಗಿ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಈಚೆಗೆ ಸಭೆಗಳಲ್ಲಿ ಮಾತೇ ಆಡುವುದಿಲ್ಲ. ವಿಚಾರಿಸಿದಾಗ, ರಾತ್ರಿ ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ ಎಂದಷ್ಟೇ ಹೇಳಿದರು. ನಾನು ವೈದ್ಯನಲ್ಲ, ಕೆಲಸದ ಗಡುವೂ ಹತ್ತಿರವಿದೆ. ಸಹಾನುಭೂತಿ ಇರುವ ಮೇಲ್ವಿಚಾರಕ ಇಂಥ ಸಂದರ್ಭದಲ್ಲಿ ನಿಜವಾಗಿ ಏನು ಮಾಡಬೇಕು?

ಉತ್ತರ 1 (ಆಪ್ತಸಮಾಲೋಚಕಿ)

ಅವರು ನಿಮ್ಮೆದುರು ಅಷ್ಟಾದರೂ ಹೇಳಿಕೊಂಡಿರುವುದು ಸಣ್ಣ ಸಂಗತಿಯಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ತಮ್ಮ ಲೇಖನದಲ್ಲಿ, ಚಿಕಿತ್ಸೆ ಫಲಿಸಲು ಚಿಕಿತ್ಸಕರು ಎದುರಿಗಿರುವವರ ಅನುಭವವನ್ನು ಒಳಗಿನಿಂದ ಅರಿತರಷ್ಟೇ ಸಾಲದು, ಆ ಅರಿವು ಸ್ವಲ್ಪಮಟ್ಟಿಗಾದರೂ ಅವರಿಗೆ ತಲುಪಬೇಕು ಎಂದಿದ್ದರು. ಚಿಕಿತ್ಸೆಯ ಹೊರಗೂ ಇದು ಸಲ್ಲುವ ಮಾತೆಂದು ನನ್ನ ನಂಬಿಕೆ. “ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ” ಎಂದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. “ನಿದ್ದೆಯಿಲ್ಲದೆ ಇಷ್ಟೆಲ್ಲ ನಿಭಾಯಿಸುವುದು ಕಷ್ಟವಾಗುತ್ತಿರಬೇಕು” ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕಾದರೆ, ಅವರಿಗೆ ಮುಂದುವರಿಸಲು ಅವಕಾಶ ಸಿಗುತ್ತದೆ. ಕಾಯಿಲೆ ಯಾವುದೆಂದು ನಿರ್ಧರಿಸುವುದು ನಿಮ್ಮ ಕೆಲಸವಲ್ಲ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ಪ್ರೋತ್ಸಾಹಿಸಿ. ಬದುಕೇ ಬೇಡವೆನ್ನುವಂಥ ಮಾತು ಬಂದರೆ, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯಕೀಯ ನೆರವು ಕೊಡಿಸಿ.

ಉತ್ತರ 2 (ಖಿನ್ನತೆಗೆ ಚಿಕಿತ್ಸೆ ಪಡೆದವರು)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಆಲಿಸಿದ ಮೇಲೂ ಏನೂ ಬದಲಾಗದಿದ್ದರೆ ಹೇಳಿಕೊಂಡವರಿಗೆ ಮತ್ತಷ್ಟು ನೋವಾಗುತ್ತದೆ. ನನ್ನ ಮೇಲಧಿಕಾರಿ ಕೆಲಸಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಇವುಗಳಲ್ಲಿ ಯಾವುದನ್ನು ಬೇರೆಯವರಿಗೆ ವಹಿಸೋಣ ಎಂದು ನನ್ನನ್ನೇ ಕೇಳಿದರು. ನನ್ನ ಪರವಾಗಿ ತಾವೇ ತೀರ್ಮಾನಿಸಲಿಲ್ಲ, ವಿಷಯವನ್ನು ತಂಡದಲ್ಲಿ ಯಾರಿಗೂ ತಿಳಿಸಲೂ ಇಲ್ಲ. ಆ ಗೌರವ ನನಗೆ ಅನುಕಂಪಕ್ಕಿಂತ ಎಷ್ಟೋ ಹೆಚ್ಚಿನದಾಗಿತ್ತು.

ಉತ್ತರ 3 (ಸಿಬ್ಬಂದಿ ವಿಭಾಗದಲ್ಲಿರುವವರು)

ವಿಶ್ವ ಆರೋಗ್ಯ ಸಂಸ್ಥೆಯು ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಕುರಿತು 2022ರಲ್ಲಿ ಹೊರತಂದ ಮಾರ್ಗಸೂಚಿಯು ಮೇಲ್ವಿಚಾರಕರಿಗೆ ತರಬೇತಿ ನೀಡಬೇಕೆಂದು ಶಿಫಾರಸು ಮಾಡಿದೆ. ನಿಮ್ಮ ಸಂಸ್ಥೆಯಲ್ಲಿ ಅದಿಲ್ಲದಿದ್ದರೆ ದಯವಿಟ್ಟು ಕೇಳಿ ಪಡೆಯಿರಿ. ಇನ್ನೊಂದು ವಿಷಯ: ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ಇದೇ ಸಂಸ್ಥೆ ಅಂದಾಜಿಸಿದೆ. ಆದ್ದರಿಂದ ಗಡುವನ್ನೂ ಆರೈಕೆಯನ್ನೂ ಎದುರಾಳಿಗಳೆಂದು ಭಾವಿಸಬೇಡಿ. ತಂಡದ ಇತರರಲ್ಲೂ ಇದೇ ಬಳಲಿಕೆ ಕಾಣುತ್ತಿದೆಯೇ ಎಂದು ಗಮನಿಸಿ. ಕಾಣುತ್ತಿದ್ದರೆ ತೊಂದರೆಯ ಮೂಲ ಕೆಲಸದ ಹೊರೆಯಲ್ಲೇ ಇರಬಹುದು, ಆಗ ಗಡುವನ್ನು ಬದಲಿಸುವಂತೆ ನಿಮ್ಮ ಮೇಲಿನವರೊಡನೆ ಮಾತನಾಡಬೇಕಾದವರು ನೀವೇ.